ಹಾರ್ಮೋನಿಯಂ ಇಲ್ಲದೆ ಹಾಡಿಸುವುದು

ಕೊಡಗಿನ ಮಳೆಗೂ ಹಾರ್ಮೋನಿಯಂಗೂ ಎಣ್ಣೆ ಸೀಗೆಕಾಯಿ ಸಂಬಂಧ. ಜೂನ್ ತಿಂಗಳಲ್ಲಿ ಮೋಡ ಕವಿಯಿತೆಂದರೆ ತಿದಿಗೆ ಬೂಷ್ಟು ಹಿಡಿಯುತ್ತದೆ, ಮರ ಉಬ್ಬಿ ಮನೆಗಳು (ಬೆರಳಲ್ಲಿ ಒತ್ತಿ ನುಡಿಸುವ ಕೀಲಿಗಳು) ಒತ್ತಿದಲ್ಲೇ ಕಚ್ಚಿಕೊಳ್ಳುತ್ತವೆ, ಹಿತ್ತಾಳೆಯ ರೀಡುಗಳಿಗೆ ಕಿಲುಬು ಏರುತ್ತದೆ. ಪೆಟ್ಟಿಗೆಯ ಬಳಿ ಬಲ್ಬ್ ಉರಿಸಿಟ್ಟು ಬೆಚ್ಚಗಿಡಬಹುದು, ನಿಜ. ಆದರೆ ಮಳೆಗಾಲದಲ್ಲಿ ಇಲ್ಲಿನ ಕರೆಂಟನ್ನು ನೆಚ್ಚಿಕೊಳ್ಳುವವರುಂಟೆ?

ನಾನು ಕನ್ಯಾಸ್ತ್ರೀ, ಶಾಲೆಯಲ್ಲಿ ಸಂಗೀತ ಶಿಕ್ಷಕಿ. ನರ್ಸಿಂಗ್ ಕಲಿಯುವ ಆಸೆಯಿತ್ತು. ಕಾನ್ವೆಂಟಿನ ಮುಖ್ಯಸ್ಥೆ ಮದರ್ ಸಂಗೀತ ಕಲಿಸು ಎಂದರು. ವಿಧೇಯತೆಯ ವ್ರತ ತೊಟ್ಟವಳು ಚೌಕಾಸಿ ಮಾಡುವಂತಿಲ್ಲ.

ಕಲಿಸುವ ದಾರಿ ಸಿಕ್ಕಿದ್ದು ತರಬೇತಿಯಲ್ಲಲ್ಲ, ಕಾನ್ವೆಂಟಿನ ಪ್ರಾರ್ಥನಾ ಮಂದಿರದಲ್ಲಿ. ಬೈಬಲ್ಲಿನ 150 ಕೀರ್ತನೆಗಳಲ್ಲಿ ಹೆಚ್ಚಿನವು ನಮ್ಮ ಪ್ರಾರ್ಥನಾ ಪುಸ್ತಕದಲ್ಲಿ ನಾಲ್ಕು ವಾರಗಳಿಗೆ ಹಂಚಿಕೆಯಾಗಿವೆ. ಬೆಳಗ್ಗೆ, ಸಂಜೆ ಎರಡು ಸಾಲಾಗಿ ಎದುರುಬದುರು ನಿಂತು, ಒಂದು ಚರಣ ಅವರು, ಒಂದು ಚರಣ ನಾವು ಎಂಬಂತೆ ಹಾಡುತ್ತೇವೆ. ಹಿರಿಯ ಸಿಸ್ಟರುಗಳು ಲ್ಯಾಟಿನ್‌ನಲ್ಲಿ ಹಾಡುತ್ತಿದ್ದರು. ಕ್ಯಾಥೊಲಿಕ್ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆದ ಮೇಲೆ ಕನ್ನಡ ಬಂತು. ಕ್ರಮ ಮಾತ್ರ ಹಳೆಯದೇ. ಪ್ರತಿ ಚರಣದ ನಡುವೆ ಒಂದು ನಿಲುಗಡೆ; ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳಬೇಕು. ಪಕ್ಕದವಳ ದನಿ ನಿನಗೆ ಕೇಳದಿದ್ದರೆ ನೀನೇ ಜೋರಾಗಿ ಹಾಡುತ್ತಿದ್ದೀಯ ಎಂಬುದು ಅಲ್ಲಿನ ಪಾಠ.

ಅದೇ ಕ್ರಮವನ್ನು ತರಗತಿಗೆ ತಂದೆ. ಕೀರ್ತನೆಗಳನ್ನಲ್ಲ, ಅಲ್ಲಿ ಹಾಡಿಸುವುದು ವಚನ, ಜನಪದ ಗೀತೆ. ಶೀಟಿನ ಮಾಡಿನ ಮೇಲೆ ಮಳೆ ಬಡಿಯುವಾಗ ಮಕ್ಕಳು ಅದನ್ನು ಮೀರಿಸಲು ಕಿರುಚುತ್ತಾರೆ. ಆಗ ಟ್ಯೂನಿಂಗ್ ಫೋರ್ಕನ್ನು ಮೊಣಕಾಲಿಗೆ ತಟ್ಟಿ, ಅದರ ಬುಡವನ್ನು ಬೆಂಚಿಗೆ ಒತ್ತುತ್ತೇನೆ. ಮಕ್ಕಳು ಬೆಂಚಿಗೆ ಕಿವಿ ಹಚ್ಚುತ್ತಾರೆ. ಸೂರಿನ ಮೇಲೆ ಅಷ್ಟು ಗದ್ದಲವಿದ್ದರೂ ಮರದೊಳಗಿನ ಗುಂಯ್‌ ಸದ್ದು ಸ್ಪಷ್ಟ. ಅದು ಸೆಕೆಂಡಿಗೆ 440 ಕಂಪನದ ಸ್ವರ. ಅದನ್ನು ಪಂಚಮವೆಂದು (‘ಪ’) ಹಿಡಿದು, ಬಾಯಿ ಮುಚ್ಚಿ ಗುನುಗುತ್ತ ಷಡ್ಜಕ್ಕೆ (‘ಸ’) ಇಳಿಯುತ್ತೇವೆ. ಎಳೆಯ ಕಂಠಗಳಿಗೆ ಆ ಶ್ರುತಿ ಹಿತ. ಬಾಯಿ ತೆರೆಯುವುದು ಆಮೇಲೆ, ಅದೂ ಅರ್ಧ ತರಗತಿ ಮಾತ್ರ. ಉಳಿದರ್ಧ ಕೇಳುತ್ತದೆ, ಮರುಸಾಲು ಅದರದು.

ಹಾರ್ಮೋನಿಯಂ ಇದ್ದರೆ ಮಕ್ಕಳು ಅದಕ್ಕೆ ಜೋತುಬೀಳುತ್ತಾರೆ, ಒಬ್ಬರಿಗೊಬ್ಬರು ಕಿವಿಗೊಡುವುದಿಲ್ಲ. ಇದನ್ನು ಒಪ್ಪದ ಸಂಗೀತ ಶಿಕ್ಷಕರು ಬೇಕಾದಷ್ಟಿದ್ದಾರೆ. ಇರಲಿ. ಕ್ರಿಸ್ಮಸ್ ಗೀತೆಗಳಿಗೆ ನಾನೂ ಹಾರ್ಮೋನಿಯಂ ನುಡಿಸುತ್ತೇನೆ, ಮಕ್ಕಳ ಶ್ರುತಿ ಗಟ್ಟಿಯಾದ ಮೇಲೆ.

ಈ ಎರಡು ಸಾಲಿನ ಹಾಡಿಕೆ ಮಕ್ಕಳಿಗೆ ವಿಚಿತ್ರವೆನಿಸೀತು ಎಂದುಕೊಂಡಿದ್ದೆ. ಆರನೆಯ ತರಗತಿಯ ಕೊಡವ ಹುಡುಗಿಯೊಬ್ಬಳು, “ಸಿಸ್ಟರ್, ಹುತ್ತರಿ ಸುಗ್ಗಿ ಹಬ್ಬದಲ್ಲಿ ನಮ್ಮ ಅಜ್ಜ ಅವರೆಲ್ಲ ದುಡಿ ಬಾರಿಸುತ್ತ ಹೀಗೇ ಹಾಡುತ್ತಾರೆ. ಇಬ್ಬರು ಎತ್ತಿಕೊಡುತ್ತಾರೆ, ಇನ್ನಿಬ್ಬರು ಅದನ್ನೇ ಮರಳಿ ಹಾಡುತ್ತಾರೆ,” ಎಂದಳು. ಅಜ್ಜನನ್ನು ಒಂದು ದಿನ ಶಾಲೆಗೆ ಕರೆಸಿದೆವು. ಅವರು ಜೊತೆಗಾರರೊಡನೆ ಬಂದು ಹಾಡಿ ಹೋದ ಮೇಲೆ, ಮಕ್ಕಳಿಗೆ ವಿವರಿಸಲು ನನಗೆ ಹೆಚ್ಚೇನೂ ಉಳಿದಿರಲಿಲ್ಲ.