ಫೋಲ್ಡರ್ ಕಾಯೋಕೆ ವಾಚ್‌ಡಾಗ್ ಇಟ್ಟ ಕಥೆ

ಒಂದು ಫೋಲ್ಡರ್‌ಗೆ ದಿನಾ ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಸಾಲುಗಳ) ಫೈಲ್‌ಗಳು ಬಂದು ಬೀಳ್ತವೆ, ಬಿದ್ದ ತಕ್ಷಣ ಓದಿ ಡೇಟಾಬೇಸ್‌ಗೆ ಹಾಕ್ಬೇಕು, ಇಷ್ಟೇ ಕೆಲಸ. ಮೊದ್ಲು ನಾನು ಹಿಡಿದಿದ್ದು ಸೋಮಾರಿ ದಾರಿ, 5 ಸೆಕೆಂಡಿಗೊಂದ್ಸಲ ಇಡೀ ಫೋಲ್ಡರ್ ಜಾಲಾಡೋ ಲೂಪ್. ಫೈಲ್ ಕಮ್ಮಿ ಇದ್ದಾಗ ನಡೀತು, ಸಾವಿರಗಟ್ಟಲೆ ಆದ್ಮೇಲೆ ಹೊಸದೇನೂ ಬರ್ದಿದ್ರೂ ಮಷಿನ್ ಸುಮ್ಸುಮ್ನೆ ಏದುಸಿರು ಬಿಡೋದು.

ಆಮೇಲೆ ಪೈಥಾನ್‌ನ ವಾಚ್‌ಡಾಗ್ ಲೈಬ್ರರಿ ಹಾಕ್ದೆ, ಅಂದ್ರೆ ಫೋಲ್ಡರ್‌ನಲ್ಲಿ ಏನಾದ್ರೂ ಬದಲಾದ್ರೆ ತಿಳಿಸೋ ರೆಡಿಮೇಡ್ ಕೋಡ್. ಅದು ತಾನಾಗಿ ಹುಡುಕ್ತಾ ಕೂರಲ್ಲ, ಲಿನಕ್ಸ್ ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್‌ನ ತಿರುಳಲ್ಲಿ) 2005ರಿಂದ ಇರೋ, ಫೈಲ್ ಬದಲಾವಣೆ ಗಮನಿಸೋ ಐನೋಟಿಫೈ ಹತ್ರ ಹೇಳಿಟ್ಟು ಸುಮ್ನಿರತ್ತೆ, ಏನಾದ್ರೂ ಬದಲಾದ್ರೆ ಕರ್ನಲ್ಲೇ ಎಬ್ಬಿಸತ್ತೆ. ಕಾಯೋಕೆ ಒಂದು ಅಬ್ಸರ್ವರ್, ಸುದ್ದಿ ಬಂದಾಗ ಕೆಲಸ ಮಾಡೋಕೆ ಒಂದು ಹ್ಯಾಂಡ್ಲರ್ ಕ್ಲಾಸ್, ಅರ್ಧ ಗಂಟೆ ಕೆಲಸ. ಭಾರೀ ಖುಷಿ ಆಯ್ತು.

ಖುಷಿ ಮಾರನೇ ದಿನಕ್ಕೇ ಇಳೀತು. ಡೇಟಾಬೇಸ್‌ನಲ್ಲಿ ಅರ್ಧಂಬರ್ಧ ಸಾಲುಗಳು! ನೋಡಿದ್ರೆ, ಕ್ರಿಯೇಟೆಡ್ ಅನ್ನೋ ಈವೆಂಟ್ (ಬದಲಾವಣೆಯ ಸುದ್ದಿ) ಬರೋದು ಫೈಲ್ ಹುಟ್ಟಿದಾಗ, ಬರೆದು ಮುಗಿದಾಗಲ್ಲ. ದೊಡ್ಡ ಫೈಲ್ ಇನ್ನೂ ಕಾಪಿ ಆಗ್ತಿರೋವಾಗ್ಲೇ ನನ್ನ ಕೋಡ್ ಹೋಗಿ ಓದ್ಬಿಡ್ತಿತ್ತು. ಫೈಲ್ ಬದಲಾದಾಗ ಬರೋ ಮಾಡಿಫೈಡ್ ಹಿಡಿಯೋಣ ಅಂದ್ರೆ ಒಂದೇ ಫೈಲಿಗೆ ಹತ್ತಾರು ಸಲ ಬರತ್ತೆ. ಓದೋಕೆ ಮುಂಚೆ ಎರಡು ಸೆಕೆಂಡ್ ಕಾಯೋ ಸ್ಲೀಪ್ ಕೂಡ ಹಾಕಿದ್ದೆ, ಹೇಳ್ಕೊಳ್ಳೋಕೆ ನಾಚಿಕೆ. ಕೊನೆಗೆ ಫೈಲ್ ಕಳಿಸೋ ಸ್ಕ್ರಿಪ್ಟನ್ನೇ ಬದಲಾಯಿಸ್ದೆ: ಮೊದ್ಲು ಅದೇ ಫೋಲ್ಡರ್‌ನಲ್ಲಿ ಟೆಂಪ್ ಹೆಸರಲ್ಲಿ ಪೂರ್ತಿ ಬರಿ, ಆಮೇಲೆ ರಿನೇಮ್ ಮಾಡು. ಒಂದೇ ಫೈಲ್ ಸಿಸ್ಟಮ್ ಒಳಗೆ ರಿನೇಮ್ ಅರ್ಧಕ್ಕೆ ನಿಲ್ಲಲ್ಲ, ಹೊಸ ಹೆಸರು ಕಂಡ್ರೆ ಫೈಲ್ ಪೂರ್ತಿ ಇದೆ ಅಂತಾನೇ ಅರ್ಥ. ಹಂಗೆ ಮಾಡಿದ್ಮೇಲೆ ಹೊಸ ಹೆಸರಿಗೆ ಕ್ರಿಯೇಟೆಡ್ ಬರ್ಲೇ ಇಲ್ಲ, ಯಾಕಂದ್ರೆ ರಿನೇಮ್ ಆದ್ರೆ ಬರೋದು ಮೂವ್ಡ್ ಈವೆಂಟ್, ನಾನಿನ್ನೂ ಕ್ರಿಯೇಟೆಡ್ ಕಾಯ್ತಾ ಕೂತಿದ್ದೆ, ಜೊತೆಗೆ ಹೊಸ ಹೆಸರು ಆ ಈವೆಂಟ್‌ನ ಡೆಸ್ಟ್ ಪಾತ್ ಅನ್ನೋ ಜಾಗದಲ್ಲಿರತ್ತೆ. ಕಳಿಸೋ ಕಡೆ ನಮ್ಮ ಕೈಲಿಲ್ಲ ಅಂದ್ರೆ ಲಿನಕ್ಸ್‌ನಲ್ಲಿ ಕ್ಲೋಸ್ಡ್ ಈವೆಂಟ್ ಹಿಡೀಬಹುದು, ಬರೆಯೋಕೆ ತೆರೆದಿದ್ದ ಫೈಲ್ ಮುಚ್ಚಿದಾಗ ಅದು ಬರತ್ತೆ.

ಇನ್ನೊಂದು ಸಲ ಇದೇ ಕೋಡನ್ನ ದೊಡ್ಡ ಪ್ರಾಜೆಕ್ಟ್ ಫೋಲ್ಡರ್ ಮೇಲೆ ರಿಕರ್ಸಿವ್ ಆಗಿ, ಅಂದ್ರೆ ಒಳಗಿನ ಫೋಲ್ಡರ್‌ಗಳೂ ಸೇರಿ, ಬಿಟ್ಟೆ, ಡಿಸ್ಕ್‌ನಲ್ಲಿ ಜಾಗ ಇಲ್ಲ ಅನ್ನೋ ಎರರ್ ಕೋಡ್ ಬಂತು. ಡಿಸ್ಕ್ ನೋಡಿದ್ರೆ ಅರ್ಧ ಖಾಲಿ! ಬಹಳ ಹೊತ್ತು ತಲೆ ಕೆರ್ಕೊಂಡೆ. ಐನೋಟಿಫೈಗೆ ಒಳಗಿನ ಒಂದೊಂದು ಫೋಲ್ಡರ್‌ಗೂ ಬೇರೆ ಬೇರೆ ವಾಚ್ (ಕಾವಲು) ಬೇಕು, ಹಳೇ ಕರ್ನಲ್‌ನಲ್ಲಿ ಒಬ್ಬ ಯೂಸರ್‌ಗೆ ಸಾಮಾನ್ಯವಾಗಿ 8192 ಅಷ್ಟೇ, ಅದು ಮುಗಿದ್ರೂ ಇದೇ ಎರರ್ ಕೋಡ್ ಕೊಡತ್ತೆ ಪುಣ್ಯಾತ್ಮ. ಮ್ಯಾಕ್ಸ್ ಯೂಸರ್ ವಾಚಸ್ ಅನ್ನೋ ಸೆಟ್ಟಿಂಗ್ ಜಾಸ್ತಿ ಮಾಡ್ದೆ, ಜೊತೆಗೆ ನೋಡ್ಬೇಕಾದ ಎರಡು ಫೋಲ್ಡರ್ ಮಾತ್ರ ಕೊಟ್ಟೆ, ನೋಡ್ ಮಾಡ್ಯೂಲ್ಸ್ ಅನ್ನೋ ಲೈಬ್ರರಿಗಳ ರಾಶಿ ಕಾಯೋ ಕರ್ಮ ಯಾಕೆ.

ನೆಟ್‌ವರ್ಕ್ ಡ್ರೈವ್‌ನಲ್ಲಿ ಇದು ನಡೆಯಲ್ಲ, ಬೇರೆ ಮಷಿನ್ ಮಾಡಿದ ಬದಲಾವಣೆ ನಮ್ಮ ಕರ್ನಲ್‌ಗೆ ಗೊತ್ತೇ ಆಗಲ್ಲ. ಅಲ್ಲಿಗೆ ವಾಚ್‌ಡಾಗ್‌ನದೇ ಪೋಲಿಂಗ್ ಅಬ್ಸರ್ವರ್ ಹಾಕಿದೀನಿ, ಅಂದ್ರೆ ಸುತ್ತಿ ಬಳಸಿ ನನ್ನ ಹಳೇ ಲೂಪೇ. ನನ್ನ ಕಾಯೋ ಸ್ಕ್ರಿಪ್ಟ್ ನಿಂತಿದ್ದಾಗ ಬಂದ ಫೈಲಿಗೂ ಈವೆಂಟ್ ಬರಲ್ಲ, ಅದಕ್ಕೆ ಈಗ ಶುರುವಾದಾಗ ಅಬ್ಸರ್ವರ್ ಎಬ್ಬಿಸಿ ಆಮೇಲೆ ಫೋಲ್ಡರ್ ಒಂದ್ಸಲ ಪೂರ್ತಿ ನೋಡ್ತೀನಿ, ಒಂದೇ ಫೈಲ್ ಎರಡು ಸಲ ಸಿಕ್ಕಿದ್ರೆ ಹೆಸರು ನೋಡಿ ಬಿಟ್ಬಿಡತ್ತೆ.