ಪಿಸ್ಟನ್ ತಗೊಳ್ಳೋ ಮೊದ್ಲು ಬೋರ್ ಒಂದೇ ಅಲ್ಲ, ತಲೆನೂ ಅಳೀರಿ

ಚಿಕ್ಕಮಗಳೂರು ಕಡೆ ಹಳೇ ಬುಲೆಟ್ಟು, ತೋಟದ ಜೀಪು ಬಿಚ್ಚಿ ಕಟ್ಟೋರು ತುಂಬಾ ಜನ ಇದಾರೆ. ಆದ್ರೆ ಪಿಸ್ಟನ್ ವಿಷಯಕ್ಕೆ ಬಂದ್ರೆ ಬೋರ್ (ಸಿಲಿಂಡರಿನ ಒಳ ಅಗಲ) ಸೈಜ್ ಹೊಂದಿದ್ರೆ ಸಾಕು, ತಲೆ (ಪಿಸ್ಟನ್ನಿನ ಮೇಲ್ಭಾಗ) ಹೇಗಿದ್ರೇನು ಅಂತ ಹಾಕ್ಬಿಡ್ತಾರೆ, ಆಮೇಲೆ ಗಾಡಿ ಎಳೆಯೋವಾಗ ಕಟಕಟ ಅಂದ್ರೆ ಟ್ಯಾಪೆಟ್ (ವಾಲ್ವ್ ಒತ್ತೋ ಭಾಗ) ಟೈಟ್ ಮಾಡ್ತಾ ಕೂರ್ತಾರೆ. ಅದು ಟ್ಯಾಪೆಟ್ ಅಲ್ಲ, ನಾಕಿಂಗ್. ಸ್ಪಾರ್ಕ್ ಹಚ್ಚಿದ ಬೆಂಕಿ ತಲುಪೋ ಮೊದ್ಲೇ ಮೂಲೇಲಿ ಉಳಿದ ಪೆಟ್ರೋಲ್-ಗಾಳಿ ಒತ್ತಡಕ್ಕೂ ಬಿಸಿಗೂ ತಾನಾಗೇ ಹೊತ್ಕೊಳ್ಳುತ್ತೆ. ತಲೆ ಹೊಂದದೆ ಕಂಪ್ರೆಷನ್, ಅಂದ್ರೆ ಎಂಜಿನ್ ಅದನ್ನ ಎಷ್ಟು ಪಟ್ಟು ಒತ್ತುತ್ತೆ ಅನ್ನೋ ಅಂಕಿ, ಜಾಸ್ತಿಯಾದ್ರೆ ಹೀಗಾಗುತ್ತೆ. ಹಾಗೇ ಓಡ್ಸಿದ್ರೆ ಪಿಸ್ಟನ್ ತಲೆ ತೂತೇ ಬೀಳ್ಬಹುದು.

ಮೊದ್ಲು ತಲೆ ಮೇಲಿನ ಕಾರ್ಬನ್ ತೆಗೆದು ಗುರುತು ಓದಿ. ಎಸ್‌ಟಿಡಿ ಅಂದ್ರೆ ಸ್ಟ್ಯಾಂಡರ್ಡ್, 0.25, 0.50 ಅಂತಿದ್ರೆ ಅಷ್ಟು ಮಿಮೀ ಓವರ್‌ಸೈಜ್. ಓವರ್‌ಸೈಜ್ ಹಾಕಿದ್ರೆ ಕಂಪ್ರೆಷನ್ ಏರಿಬಿಡುತ್ತೆ ಅನ್ನೋದು ಸುಳ್ಳು, 350 ಬುಲೆಟ್‌ಗೆ 0.25 ಹಾಕಿದ್ರೆ 6.5 ಇದ್ದಿದ್ದು 6.54 ಆಗ್ಬಹುದು ಅಷ್ಟೆ. ಗುರುತೇ ಇಲ್ಲದ ಅಗ್ಗದ ಪಿಸ್ಟನ್ ಮಾತ್ರ ಮುಟ್ಲೇಬೇಡಿ.

ಎರಡನೇದು ಪಿನ್ ಹೈಟ್, ಅಂದ್ರೆ ಗಜನ್ ಪಿನ್ (ಪಿಸ್ಟನ್ನನ್ನ ಕನೆಕ್ಟಿಂಗ್ ರಾಡಿಗೆ ಸೇರಿಸೋ ಪಿನ್) ಮಧ್ಯದಿಂದ ತಲೆ ಅಂಚಿನವರೆಗೆ. ವರ್ನಿಯರ್ ಕ್ಯಾಲಿಪರಲ್ಲಿ ಹಳೇದು, ಹೊಸದು ಎರಡೂ ಅಳೀರಿ. 57 ಮಿಮೀ ಬೋರಿನ 150 ಸಿಸಿ ಎಂಜಿನಲ್ಲಿ ಇದು 1 ಮಿಮೀ ಜಾಸ್ತಿಯಾದ್ರೆ 9 ಇದ್ದ ಕಂಪ್ರೆಷನ್ 10.2 ದಾಟುತ್ತೆ! ಕಣ್ಣಿಗೆ ಎರಡೂ ಒಂದೇ ಥರ ಕಾಣ್ತವೆ.

ಈಗ ಜನ ಕೈ ಬಿಡೋ ಕೆಲಸ, ತಲೆ ಆಕಾರದ ಸಿಸಿ ಅಳೆಯೋದು. ಗುಂಡಗೆ ಉಬ್ಬಿದ್ರೆ ಡೋಮ್, ಸಪಾಟಾಗಿದ್ರೆ ಫ್ಲಾಟ್, ತಗ್ಗಿದ್ರೆ ಡಿಶ್, ಇದು ಎಲ್ರಿಗೂ ಗೊತ್ತು, ಆದ್ರೆ ಎಷ್ಟು ಉಬ್ಬಿದೆ ಅನ್ನೋದೇ ಮುಖ್ಯ. ಬ್ಯಾರೆಲನ್ನ (ಸಿಲಿಂಡರ್) ಬೆಂಚ್ ಮೇಲಿಟ್ಟು ಪಿಸ್ಟನ್ ಒಳಗೆ ತಳ್ಳಿ, ತಲೆಯ ಅಂಚು (ಡೋಮಿನ ತುದಿ ಅಲ್ಲ) ಬ್ಯಾರೆಲ್ ಬಾಯಿಂದ ಸರಿಯಾಗಿ 10 ಮಿಮೀ ಕೆಳಗಿರ್ಬೇಕು, ಡೋಮ್ ಅದಕ್ಕಿಂತ ಎತ್ತರ ಇದ್ರೆ 15ಕ್ಕೆ ಇಳಿಸಿ, ಲೆಕ್ಕಾನೂ ಹಾಗೇ ಬದಲಾಯಿಸಿ. ಸುತ್ತ ಅಂಚಿಗೆ ಗ್ರೀಸ್ ಒತ್ತಿ, ಮಿಕ್ಕಿದ್ದನ್ನ ಒರೆಸಿ. ಬಾಯಿಗೂ ತೆಳ್ಳಗೆ ಗ್ರೀಸ್ ಹಚ್ಚಿ, ತೂತು ಕೊರೆದ ಅಕ್ರಿಲಿಕ್ ಶೀಟ್ ಕೂರಿಸಿ. ಆ ತೂತಿನಿಂದ ಮೆಡಿಕಲ್ ಶಾಪಿನ 20 ಎಂಎಲ್ ಸಿರಿಂಜಲ್ಲಿ ಡೀಸೆಲ್ ಬಿಡ್ತಾ ಹೋಗಿ, ತೂತಿರೋ ಕಡೆ ಸ್ವಲ್ಪ ಮೇಲಾಗೋ ಹಾಗೆ ಬ್ಯಾರೆಲ್ ಓರೆ ಮಾಡಿ, ಇಲ್ದಿದ್ರೆ ಗಾಳಿಗುಳ್ಳೆ ನಿಂತು ಲೆಕ್ಕ ತಪ್ಪುತ್ತೆ. 70 ಮಿಮೀ ಬೋರಿಗೆ 10 ಮಿಮೀ ಆಳ ಅಂದ್ರೆ 38.5 ಸಿಸಿ. ಅಷ್ಟೇ ಹಿಡಿದ್ರೆ ಫ್ಲಾಟ್, 30 ಹಿಡಿದ್ರೆ ಡೋಮು 8.5 ಸಿಸಿ, ಜಾಸ್ತಿ ಹಿಡಿದ್ರೆ ಡಿಶ್. ಎರಡು ಸಲ ಅಳೆದು ಒಂದೇ ಅಂಕಿ ಬಂದ್ರೆ ಮಾತ್ರ ಬರ್ಕೊಳ್ಳಿ.

ಲೆಕ್ಕ ಸುಲಭ. 346 ಸಿಸಿ ಎಂಜಿನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ಮೇಲೆ ಉಳಿಯೋ ಜಾಗ 63 ಸಿಸಿ ಇದ್ರೆ, ಎರಡೂ ಕೂಡಿಸಿ 63ರಿಂದ ಭಾಗಿಸಿ, 6.5. ಫ್ಲಾಟ್ ತೆಗೆದು ಆ 8.5 ಸಿಸಿ ಡೋಮ್ ಹಾಕಿದ್ರೆ ಸುಮಾರು 7.35.

ಕಂಪ್ರೆಷನ್ ಗೇಜ್ ಇದೆಯಲ್ಲ ಅನ್ಬೇಡಿ. ನಮ್ಮೂರು ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿದೆ, ಗಾಳಿ ಒತ್ತಡ ಹತ್ತು ಪರ್ಸೆಂಟ್ ಕಮ್ಮಿ, ಗೇಜೂ ಕಮ್ಮಿನೇ ತೋರ್ಸುತ್ತೆ. ಅದಕ್ಕೇ ಇಲ್ಲಿ ನಾಕ್ ಆಗದ ಗಾಡಿ ಚಾರ್ಮಾಡಿ ಘಾಟಿ ಇಳಿದು ಉಜಿರೆ ಸೆಕೆ ಸೇರಿದ್ಮೇಲೆ ಬಡ್ಕೊಳ್ಳೋಕೆ ಶುರು ಮಾಡುತ್ತೆ. ಹೊಸ ಪಿಸ್ಟನ್ ಹಾಕಿದೋರು ರನ್ನಿಂಗ್-ಇನ್ (ಹೊಸ ಭಾಗ ಪಳಗೋವರೆಗಿನ ನಿಧಾನದ ಓಟ) ಮುಗಿದ್ಮೇಲೆ ಟೆಸ್ಟ್ ಮಾಡ್ಬೇಕಾದ್ದು ಅಲ್ಲಿ, ಬೆಳಗಿನ ಚಳೀಲಿ ಇಲ್ಲೇ ಮೇಲಿರೋ ಕೈಮರದ ರೋಡಲ್ಲಲ್ಲ.

ಫೈನಲ್ ಫಿಟ್ಟಿಂಗ್‌ಗೆ ಮೊದ್ಲು ತಲೆ ಮೇಲೆ ಕ್ಲೇ ಇಟ್ಟು ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಕೂರ್ಸಿ, ಕೈಯಲ್ಲೇ ಎಂಜಿನ್ ತಿರುಗಿಸಿ ವಾಲ್ವ್ ತಾಗುತ್ತಾ ನೋಡಿ. ಬಾಣದ ಗುರುತು ಸಾಮಾನ್ಯವಾಗಿ ಎಕ್ಸಾಸ್ಟ್ ಕಡೆಗೆ. ಸರ್ಕ್ಲಿಪ್ (ಗಜನ್ ಪಿನ್ ಜಾರದ ಹಾಗೆ ಹಿಡಿಯೋ ಕ್ಲಿಪ್) ಹೊಸದೇ ಹಾಕಿ.

ಕಂಪ್ರೆಷನ್ ಜಾಸ್ತಿ ಅನ್ಸಿದ್ರೆ ಕೆಲವರು ಎರಡು ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಹಾಕ್ತಾರೆ, ನಾನು ಬೇಡ ಅಂತೀನಿ. ಪಿಸ್ಟನ್ ಅಂಚಿಗೂ ಹೆಡ್ಡಿಗೂ ನಡುವಿನ ಸಂದು ದೊಡ್ಡದಾಗಿ, ಮೂಲೆಯ ಗಾಳಿ ಕದಡೋದೇ ನಿಂತು, ಕಂಪ್ರೆಷನ್ ಇಳಿದ್ರೂ ನಾಕ್ ಉಳ್ಕೊಳ್ಳಬಹುದು. ಮಾಮೂಲಿಗಿಂತ ಜಾಸ್ತಿ ಆಕ್ಟೇನ್ (ನಾಕ್ ತಡೆಯೋ ಗುಣದ ಅಂಕಿ) ಇರೋ ಪೆಟ್ರೋಲ್ ಹಾಕಿ, ಸ್ಪಾರ್ಕ್ ಟೈಮಿಂಗ್ ಒಂಚೂರು ತಡ ಮಾಡಿ ನೋಡಿ. ಅದಕ್ಕೂ ಬಗ್ಗದಿದ್ರೆ ಪಿಸ್ಟನ್ನೇ ಬದಲಾಯಿಸಿ.