ವಾರ್ಡ್ ಸಭೆಯಲ್ಲಿ ಆಡಿದ ಮಾತು ನಡಾವಳಿಗೆ ಬರಬೇಕಾದರೆ

ಗ್ರಾಮ ಪಂಚಾಯಿತಿಯ ಸಭೆ ಹೇಗಿರುತ್ತದೆ ಎಂದು ಹಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. ಒಂದು ಶಾಮಿಯಾನ, ನಾಲ್ಕು ಸಾಲು ಪ್ಲಾಸ್ಟಿಕ್ ಕುರ್ಚಿ, ಕೀರಲು ದನಿಯ ಮೈಕು. ಮುಂದಿನ ಸಾಲಿನವರು ಜಾಸ್ತಿ ಮಾತಾಡುತ್ತಾರೆ. ಕೇರಿಯವರು, ತಾಂಡಾದವರು, ಹಟ್ಟಿಯವರು ಹಿಂದೆ ನಿಂತಿರುತ್ತಾರೆ. ಯಾರೋ ಒಬ್ಬರು ಧೈರ್ಯ ಮಾಡಿ 'ನಮ್ಮ ಕಡೆ ನೀರೇ ಬರಲ್ಲ' ಅನ್ನುತ್ತಾರೆ. 'ಆಯ್ತು, ನೋಡೋಣ' ಎಂಬ ಉತ್ತರ ಬರುತ್ತದೆ. ಮುಂದಿನ ವರ್ಷ ಮತ್ತೆ ಅದೇ ದೂರು, ಅದೇ ಉತ್ತರ.

ಎಷ್ಟೋ ಸಲ ಕೆಲಸ ನಿಲ್ಲುವುದು ಪುಸ್ತಕದಲ್ಲಿ. ಸಭೆಯಲ್ಲಿ ಆಡಿದ ಮಾತು ನಡಾವಳಿ ಪುಸ್ತಕಕ್ಕೆ, ಅಂದರೆ ಸಭೆಯ ಚರ್ಚೆ, ತೀರ್ಮಾನ ಬರೆದಿಡುವ ಪುಸ್ತಕಕ್ಕೆ, ಬಂದಿರುವುದೇ ಇಲ್ಲ. 'ಮೂಲಸೌಕರ್ಯಗಳ ಬಗ್ಗೆ ಚರ್ಚಿಸಲಾಯಿತು' ಎಂಬ ಒಂದೇ ಸಾಲು ಅಲ್ಲಿರುತ್ತದೆ. ನಡಾವಳಿಯಲ್ಲಿ ಇಲ್ಲದ್ದು ಕ್ರಿಯಾ ಯೋಜನೆಗೆ, ಅಂದರೆ ವರ್ಷದಲ್ಲಿ ಮಾಡುವ ಕೆಲಸಗಳ ಪಟ್ಟಿಗೆ, ಸೇರುವುದು ಕಷ್ಟ. ಕ್ರಿಯಾ ಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ಹಣ ಹೊರಡುವುದೂ ಕಷ್ಟ. ಹಾಗಾಗಿ ಜೋರಾಗಿ ಮಾತಾಡುವುದಕ್ಕಿಂತ ಬರೆಸುವುದನ್ನು ಕಲಿಯಬೇಕು. ಅದನ್ನು ಹೇಗೆ ಮಾಡುವುದು ಎಂದು ನೋಡೋಣ.

ಮೊದಲು ಮತದಾರರ ಪಟ್ಟಿ ನೋಡಿ

ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮ ಸಭೆಯ ಸದಸ್ಯರು. ಯಾರ ಆಹ್ವಾನವೂ ಬೇಕಿಲ್ಲ, ಯಾರ ಒಪ್ಪಿಗೆಯೂ ಬೇಕಿಲ್ಲ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ 'ನೀವು ಈ ಊರಿನವರೇ ಅಲ್ಲ' ಎಂದು ಬಾಯಿ ಮುಚ್ಚಿಸುವುದು ಸುಲಭ. ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮತ್ತು ಗುಳೆ ಹೋಗಿ ಬರುವ ಕುಟುಂಬದವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಹೊಸದಾಗಿ ಸೇರಲು ನಮೂನೆ 6. ವಿಳಾಸ ಬದಲಿಸಲು, ತಪ್ಪು ಸರಿಪಡಿಸಲು ನಮೂನೆ 8. ಎರಡೂ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಹತ್ತಿರ ಸಿಗುತ್ತವೆ. ನಿಮ್ಮ ಭಾಗದ ಬಿಎಲ್‌ಒ ಯಾರೆಂದು ಗೊತ್ತಿಲ್ಲದಿದ್ದರೆ ಅಂಗನವಾಡಿಯಲ್ಲಿ ಅಥವಾ ಶಾಲೆಯಲ್ಲಿ ಕೇಳಿ. ಬಹುತೇಕ ಅಲ್ಲಿಯವರೇ ಯಾರಾದರೂ ಆಗಿರುತ್ತಾರೆ. ಮೊದಲು ಜನವರಿ 1ಕ್ಕೆ 18 ತುಂಬಿದವರಿಗೆ ಮಾತ್ರ ಆ ವರ್ಷ ಅವಕಾಶ ಇತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳಂದು, ಅಂದರೆ ವರ್ಷಕ್ಕೆ ನಾಲ್ಕು ಸಲ ವಯಸ್ಸಿನ ಲೆಕ್ಕ ಹಾಕುತ್ತಾರೆ.

ಸಭೆ ಯಾವಾಗ, ಎಲ್ಲಿ?

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ವಾರ್ಡ್ ಸಭೆ ಮತ್ತು ಗ್ರಾಮ ಸಭೆ ನಡೆಯಬೇಕು. ನಿಮ್ಮ ವಾರ್ಡಿನ ಮತದಾರರಷ್ಟೇ ಸೇರುವ ವಾರ್ಡ್ ಸಭೆ ಮೊದಲು, ಇಡೀ ಪಂಚಾಯಿತಿಯ ಗ್ರಾಮ ಸಭೆ ಆಮೇಲೆ. ಹಿಂದೆ ನಿಲ್ಲುವವರಿಗೆ ವಾರ್ಡ್ ಸಭೆಯೇ ಮುಖ್ಯ ಎಂದು ನನಗನ್ನಿಸುತ್ತದೆ. ಅಲ್ಲಿ ನಿಮ್ಮ ಓಣಿಯವರೇ ಇರುತ್ತಾರೆ, ಸಂಕೋಚ ಕಡಿಮೆ. ಅಲ್ಲಿ ಬರೆಸಿದ ಬೇಡಿಕೆಯನ್ನೇ ಹಿಡಿದು ಗ್ರಾಮ ಸಭೆಯಲ್ಲಿ ಮಾತಾಡಬಹುದು. ನೇರವಾಗಿ ಗ್ರಾಮ ಸಭೆಗೆ ಹೋಗಿ ಕೂಗಾಡುವವರು ಈ ಅರ್ಧ ದಾರಿಯನ್ನೇ ಬಿಟ್ಟಿರುತ್ತಾರೆ.

ತಮಟೆ ಸಾರುವವರು ಕೇರಿಗೆ ಬರಲಿಲ್ಲ, ಕಸದ ಗಾಡಿಯ ಮೈಕಿನ ಸದ್ದು ತಾಂಡಾಗೆ ಕೇಳಿಸಲಿಲ್ಲ ಎಂಬ ದೂರು ಎಲ್ಲ ಕಡೆ ಇದೆ. ಅದನ್ನೇ ನಂಬಿ ಕೂರಬೇಡಿ. ಪಂಚಾಯಿತಿ ಕಚೇರಿಯ ನೋಟಿಸ್ ಬೋರ್ಡ್ ನೋಡಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ನೇರವಾಗಿ ಕೇಳಿ. ಮುಂದಿನ ವರ್ಷದ ಯೋಜನೆ ತಯಾರಿಸುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ದಸರಾ, ದೀಪಾವಳಿ ಸುತ್ತಮುತ್ತ ವಿಚಾರಿಸುತ್ತಿದ್ದರೆ ದಿನಾಂಕ ತಪ್ಪುವುದಿಲ್ಲ.

ನಿಮ್ಮ ಹಟ್ಟಿ ಊರಿನಿಂದ ಎರಡು ಮೂರು ಕಿಲೋಮೀಟರ್ ದೂರ ಇದೆಯಾ? ವಾರ್ಡ್ ಸಭೆಯನ್ನು ನಮ್ಮಲ್ಲೇ ಮಾಡಿ ಎಂದು ಬರೆದು ಕೇಳಿ. ಅರಳಿಕಟ್ಟೆ, ಅಂಗನವಾಡಿ ಅಂಗಳ ಯಾವುದಾದರೂ ಸಾಕು. ದೇವಸ್ಥಾನದೊಳಗೆ ಇಟ್ಟರೆ ಎಲ್ಲರೂ ಬರಲಾಗದ ಊರುಗಳು ಇನ್ನೂ ಇವೆ. ಅಂಥ ಕಡೆ ಜಾಗ ಬದಲಿಸಿ ಎಂದು ಹೇಳಲು ಹಿಂಜರಿಯಬೇಡಿ. ಸಮಯದ ಮಾತೂ ಅಷ್ಟೇ. ಬೆಳಿಗ್ಗೆ 11ಕ್ಕೆ ಇಟ್ಟರೆ ಕೂಲಿಯವರು ಬರುವುದಿಲ್ಲ. ಗುಳೆ ಹೋದವರು ಯುಗಾದಿಗೋ ಊರ ಜಾತ್ರೆಗೋ ಬಂದಿರುವಾಗ ಒಂದು ಸಭೆ ಇಡಿ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ತುರ್ತು ವಿಷಯ ಇದ್ದರೆ ಗ್ರಾಮ ಸಭೆಯ ಶೇ 10ರಷ್ಟು ಸದಸ್ಯರು ಸಹಿ ಹಾಕಿ, ವಿಷಯ ಬರೆದು ಕೊಟ್ಟರೆ ವಿಶೇಷ ಗ್ರಾಮ ಸಭೆ ಕರೆಯಬೇಕು. ಸಹಿ ಹಾಕಿಸುವುದು ದೊಡ್ಡ ಕೆಲಸ. ಆದರೆ ಸ್ತ್ರೀಶಕ್ತಿ ಮತ್ತು ಸಂಜೀವಿನಿ ಸಂಘಗಳ ವಾರದ ಸಭೆಗಳಿಗೆ ಹೋದರೆ ಬೇಗ ಆಗುತ್ತದೆ.

ಚುನಾಯಿತ ಸದಸ್ಯರ ಅವಧಿ ಮುಗಿದಿದೆ, ಈಗ ಸಭೆ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2020ರಲ್ಲಿ ಕೋವಿಡ್‌ನಿಂದ ಪಂಚಾಯಿತಿ ಚುನಾವಣೆ ಮುಂದಕ್ಕೆ ಹೋದಾಗ ಪಂಚಾಯಿತಿ ನಡೆಸಲು ಆಡಳಿತಾಧಿಕಾರಿಗಳನ್ನು ನೇಮಿಸಿದ್ದರು. ಗ್ರಾಮ ಸಭೆ ಎಂದರೆ ಮತದಾರರೇ. ಸದಸ್ಯರ ಅವಧಿ ಮುಗಿದ ಮಾತ್ರಕ್ಕೆ ಮತದಾರರ ಅವಧಿ ಮುಗಿಯುವುದಿಲ್ಲ.

ಬರಿಗೈಯಲ್ಲಿ ಹೋಗಬೇಡಿ

ಮೊದಲು ಹಳೇ ಲೆಕ್ಕ ನೋಡಿ. ಇ-ಗ್ರಾಮಸ್ವರಾಜ್ ಎಂಬ ಕೇಂದ್ರ ಸರ್ಕಾರದ ಜಾಲತಾಣದಲ್ಲಿ ಪ್ರತಿ ಪಂಚಾಯಿತಿಯ ಯೋಜನೆ ಇರುತ್ತದೆ. ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ವರ್ಷ ಆರಿಸುತ್ತಾ ಹೋದರೆ ಯಾವ ಕೆಲಸಕ್ಕೆ ಎಷ್ಟು ಹಣ ಎಂಬ ಪಟ್ಟಿ ಬರುತ್ತದೆ. ಲಾಗಿನ್, ಪಾಸ್‌ವರ್ಡ್ ಏನೂ ಬೇಡ. ಕೆಲಸಗಳ ಹೆಸರಿನ ಪಕ್ಕ ನಿಮ್ಮ ಕೇರಿಯ ಹೆಸರು ಎಷ್ಟು ಸಲ ಬಂದಿದೆ ಎಂದು ಬೆರಳಿಟ್ಟು ಎಣಿಸಿ. ಕೆಲವೊಮ್ಮೆ ಆಗಿಯೇ ಇಲ್ಲದ ಚರಂಡಿ ಅಲ್ಲಿ ಆಗಿರುತ್ತದೆ! ಫೋನಿನಲ್ಲಿ ನೋಡಲು ಬರದಿದ್ದರೆ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರು. ಹಲವು ಕಡೆ ಕಂಪ್ಯೂಟರ್ ಇದೆ. ಸುಮ್ನೆ ಪೇಪರ್ ಓದುವ ಜಾಗ ಎಂದುಕೊಂಡು ಅದರ ಬಾಗಿಲನ್ನೇ ತುಳಿಯದವರು ಬಹಳ ಜನ ಇದ್ದಾರೆ.

ಇನ್ನೊಂದು ಲೆಕ್ಕ ಪಂಚಾಯಿತಿಯ ಸ್ವಂತ ಆದಾಯದ್ದು. ಮನೆ ಕಂದಾಯ, ನೀರಿನ ಕರ, ಅಂಗಡಿ ಬಾಡಿಗೆಯಿಂದ ಬರುವ ಹಣದಲ್ಲಿ ಒಂದು ಪಾಲನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಶೇ 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. 'ಈ ವರ್ಷ ಶೇ 5ರ ಹಣ ಎಷ್ಟು ಬಂತು, ಯಾರಿಗೆ ಹೋಯಿತು?' ಎಂಬುದು ಚಿಕ್ಕ ಪ್ರಶ್ನೆ. ಕೇಳುವವರು ಮಾತ್ರ ಬಹಳ ಕಡಿಮೆ. ಪಂಚಾಯಿತಿ ಮಟ್ಟದಲ್ಲಿ ಅಂಗವಿಕಲರಿಗಾಗಿಯೇ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದು ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಆಮೇಲೆ ನಿಮ್ಮ ಬೇಡಿಕೆಗೆ ಅಳತೆ ಕೊಡಿ. ನೀರನ್ನೇ ತೆಗೆದುಕೊಳ್ಳಿ. ಜಲ ಜೀವನ್ ಮಿಷನ್ ಅಡಿ, ನಮ್ಮಲ್ಲಿ ಮನೆ ಮನೆಗೆ ಗಂಗೆ ಎಂಬ ಹೆಸರಿನಲ್ಲಿ, ನಲ್ಲಿ ಹಾಕಿದ್ದಾರೆ. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂಬುದು ಆ ಯೋಜನೆಯ ಲೆಕ್ಕ. ಐದು ಜನರ ಮನೆಗೆ 275 ಲೀಟರ್. 20 ಲೀಟರಿನ ಕ್ಯಾನಿನಲ್ಲಿ ಸುಮಾರು 14 ಕ್ಯಾನ್. ಪೈಪ್‌ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಒಂದು ವಾರ ಅಳೆಯಿರಿ. ನೀರು ಬಿಟ್ಟ ಹೊತ್ತು, ನಿಂತ ಹೊತ್ತು, ತುಂಬಿದ ಕ್ಯಾನು, ಇಷ್ಟನ್ನು ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದಿಡಿ. ನೀರಗಂಟಿಯ ಮೇಲೆ ರೇಗುವುದರಿಂದ ಏನೂ ಆಗುವುದಿಲ್ಲ. ಬಹಳ ಸಲ ಟ್ಯಾಂಕಿನ ಎತ್ತರ, ಪೈಪಿನ ಅಳತೆ ಅಥವಾ ಮೇಲಿನ ಮನೆಯವರು ನಲ್ಲಿಗೆ ಹಚ್ಚಿದ ಮೋಟಾರು ಕಾರಣ. ಕಾರಣ ಯಾವುದೆಂದು ಗೊತ್ತಾದರೆ ಬೇಡಿಕೆಯೂ ಸ್ಪಷ್ಟವಾಗುತ್ತದೆ.

ಅರ್ಜಿ ಹೀಗೆ ಬರೆಯಿರಿ

ಅರ್ಜಿಯಲ್ಲಿ ಒಂದೇ ವಿಷಯ ಇರಲಿ. ರಸ್ತೆ, ಲೈಟು, ಪಿಂಚಣಿ ಎಲ್ಲವನ್ನೂ ಒಂದೇ ಹಾಳೆಗೆ ತುರುಕಿದರೆ ಆ ಹಾಳೆ ಯಾರ ಟೇಬಲ್ಲಿಗೂ ಸೇರುವುದಿಲ್ಲ. ಒಂದು ಮಾದರಿ:

'ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ. ವಿಷಯ: ನಮ್ಮ ತಾಂಡಾದ ಕೊನೆಯ ಸಾಲಿನ 18 ಮನೆಗಳಿಗೆ ನಲ್ಲಿ ನೀರು ಬಾರದಿರುವ ಬಗ್ಗೆ. ಈ ಮನೆಗಳಿಗೆ ನಲ್ಲಿ ಹಾಕಿದ್ದರೂ ನೀರು ಏರುತ್ತಿಲ್ಲ. ಒಂದು ವಾರ ಅಳೆದ ವಿವರ ಲಗತ್ತಿಸಿದೆ. ಈ ಸಾಲಿಗೆ ಪ್ರತ್ಯೇಕ ಗೇಟ್ ವಾಲ್ವ್ ಹಾಕಿಸಿ, ದಿನ ಬಿಟ್ಟು ದಿನ ಮೊದಲು ಈ ಭಾಗಕ್ಕೆ ನೀರು ಬಿಡಬೇಕೆಂದು ಕೋರುತ್ತೇವೆ. ಇದನ್ನು ವಾರ್ಡ್ ಸಭೆಯಲ್ಲಿ ಮಂಡಿಸಿ, ಕ್ರಿಯಾ ಯೋಜನೆಗೆ ಸೇರಿಸಲು ಶಿಫಾರಸು ಮಾಡಬೇಕೆಂದು ಕೋರುತ್ತೇವೆ.'

ಕೆಳಗೆ ಆ ಮನೆಗಳವರ ಸಹಿ, ಸಹಿ ಬಾರದವರ ಹೆಬ್ಬೆಟ್ಟು. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಕು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. 'ಸಾಹೇಬ್ರು ಇಲ್ಲ, ನಾಳೆ ಬನ್ನಿ' ಎಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಸಭೆಯ ದಿನ

ಎಲ್ಲರೂ ಒಟ್ಟಿಗೆ ಹೋಗಿ, ಮಾತಾಡುವವರು ಇಬ್ಬರಿರಲಿ. ಒಬ್ಬರಾದರೂ ನೀರು ಹೊರುವ ಹೆಂಗಸಾಗಿರಲಿ. ಸಂಖ್ಯೆಯನ್ನು ಅವರಷ್ಟು ಖಚಿತವಾಗಿ ಬೇರೆ ಯಾರೂ ಹೇಳಲಾರರು. ಅಧ್ಯಕ್ಷರು, ಪಿಡಿಒ ಜೊತೆಗೆ ನೋಡಲ್ ಅಧಿಕಾರಿ ಅಂತ ಬೇರೆ ಇಲಾಖೆಯವರೊಬ್ಬರು ಬಂದಿರುತ್ತಾರೆ. ಅವರತ್ತಲೂ ನೋಡಿ ಮಾತಾಡಿ. ಸಭೆ ಹೇಗೆ ನಡೆಯಿತು ಎಂದು ನೋಡಲು ಕಳಿಸಿರುವುದೇ ಅವರನ್ನು.

ಅತಿ ಮುಖ್ಯವಾದದ್ದು ಕೊನೆಯ ಹತ್ತು ನಿಮಿಷ. ಜನ ಏಳಲು ಶುರು ಮಾಡಿರುತ್ತಾರೆ, ಟೀ ಬಂದಿರುತ್ತದೆ. ಆಗ ನೀವು ಏಳಬೇಡಿ. 'ನಮ್ಮ ವಿಷಯ ಏನು ಬರೆದ್ರಿ ಸಾರ್, ಒಮ್ಮೆ ಓದಿ ಹೇಳಿ' ಎಂದು ಕೇಳಿ. 'ಕುಡಿಯುವ ನೀರಿನ ಬಗ್ಗೆ ಚರ್ಚಿಸಲಾಯಿತು' ಎಂದಿದ್ದರೆ ಸಾಲದು. ಯಾವ ತಾಂಡಾ, ಎಷ್ಟು ಮನೆ, ಏನು ಕೆಲಸ ಎಂಬುದನ್ನು ಅಲ್ಲೇ ಸೇರಿಸಲಿ. ಹಾಜರಾತಿ ಪುಸ್ತಕದಲ್ಲಿ ಹೆಸರಿನ ಮುಂದೆ ಸಹಿ ಹಾಕಿ, ಖಾಲಿ ಹಾಳೆಗೆ ಹಾಕಬೇಡಿ. ನಡೆಯದೇ ಇದ್ದ ಸಭೆಗೆ ಮನೆ ಬಾಗಿಲಿಗೆ ಪುಸ್ತಕ ತಂದು 'ಒಂದು ಸಹಿ ಹಾಕಮ್ಮ' ಅನ್ನುವ ರೂಢಿ ಕೆಲವು ಕಡೆ ಇದೆ. ಹಾಗೆ ಬಂದರೆ ನಯವಾಗಿ ವಾಪಸ್ ಕಳಿಸಿ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಇಲ್ಲದ ಸಭೆಗೆ ನಿಮ್ಮ ಸಹಿಯಿಂದಲೇ ಕೋರಂ ತೋರಿಸಿದಂತಾಗುತ್ತದೆ.

ಮನೆ, ನಿವೇಶನದ ಫಲಾನುಭವಿಗಳ ಆಯ್ಕೆಯೂ ಗ್ರಾಮ ಸಭೆಯಲ್ಲೇ ಆಗಬೇಕು. ಪಟ್ಟಿಯನ್ನು ಎಲ್ಲರ ಮುಂದೆ ಓದಲಿ ಎಂದು ಕೇಳಿ. ಓದಿದಾಗಲೇ ತಕರಾರು ಹೇಳಿ ಬರೆಸಿದರೆ ಅದಕ್ಕೊಂದು ಬೆಲೆ. ಆಮೇಲೆ ಚಹಾದಂಗಡಿಯಲ್ಲಿ ಹೇಳಿದರೆ ಪ್ರಯೋಜನವಿಲ್ಲ.

ಮಕ್ಕಳ ಗ್ರಾಮ ಸಭೆ, ಮಹಿಳಾ ಗ್ರಾಮ ಸಭೆ ಬೇರೆಯಾಗಿ ನಡೆಯುತ್ತವೆ. ಶಾಲೆಯ ಶೌಚಾಲಯ, ದೂರದ ಬಸ್ ನಿಲ್ದಾಣ, ದಾರಿಯಲ್ಲಿನ ಮದ್ಯದ ಅಂಗಡಿ ಇಂಥವನ್ನು ದೊಡ್ಡವರಿಗಿಂತ ಮಕ್ಕಳು ನೇರವಾಗಿ ಕೇಳುತ್ತಾರೆ.

ಸಭೆ ಆದ ಮೇಲೆ

ಕೆಲವು ದಿನ ಬಿಟ್ಟು ನಡಾವಳಿಯ ನಕಲು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005ರ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ, ಕಾರ್ಡಿನ ಜೆರಾಕ್ಸ್ ಲಗತ್ತಿಸಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಬರೆಯುವುದೂ ಸುಲಭ: 'ಇಂಥ ತಾರೀಕಿನ ವಾರ್ಡ್ ಸಭೆಯ ನಡಾವಳಿ ಮತ್ತು ಹಾಜರಾತಿ ಪುಟಗಳ ದೃಢೀಕೃತ ನಕಲು ಕೊಡಿ.' ಯಾಕೆ ಬೇಕು ಎಂದು ಹೇಳಬೇಕಾಗಿಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ.

ಗೊತ್ತಾದ ದಿನದೊಳಗೆ ಸರ್ಕಾರಿ ಸೇವೆ ಕೊಡಬೇಕೆನ್ನುವ ಸಕಾಲವನ್ನು ಇದರ ಜೊತೆ ಕಲಸಬೇಡಿ. ಜಾತಿ, ಆದಾಯ ಪ್ರಮಾಣಪತ್ರ, ಪಿಂಚಣಿಯಂಥ ವೈಯಕ್ತಿಕ ಸೇವೆಗಳಿಗೆ ಸಕಾಲದ ಗಡುವು ಇದೆ. ನಾಡಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ಅರ್ಜಿ ಹಾಕಿದಾಗ ಸಿಗುವ ಜಿಎಸ್‌ಸಿ ನಂಬರ್ (ಅರ್ಜಿಯ ಗುರುತಿನ ಸಂಖ್ಯೆ) ಜೋಪಾನ ಮಾಡಿ. ಚರಂಡಿ, ರಸ್ತೆಯ ಕೆಲಸಕ್ಕೆ ಮಾತ್ರ ಸಭೆ ಮತ್ತು ಕ್ರಿಯಾ ಯೋಜನೆಯ ದಾರಿಯೇ ಬೇಕು. ಖರ್ಚಾದ ಹಣದ ಬಗ್ಗೆ ಅನುಮಾನ ಇದ್ದರೆ ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಗೆ ಹೋಗಿ. ಅಲ್ಲಿ ಪಂಚಾಯಿತಿಯ ಲೆಕ್ಕಪತ್ರವನ್ನು ಜನರ ಮುಂದೆ ಇಡಬೇಕು.

ಅರ್ಜಿಗೆ 'ಆಗುವುದಿಲ್ಲ' ಎಂಬ ಉತ್ತರ ಬಂದರೆ ಅದನ್ನು ಬರವಣಿಗೆಯಲ್ಲಿ, ಹಿಂಬರಹವಾಗಿ ಕೇಳಿ ಪಡೆಯಿರಿ. ಬಾಯಿಮಾತಿನ ನಿರಾಕರಣೆಯ ಮೇಲೆ ದೂರು ಕೊಡುವುದು ಕಷ್ಟ.

ಇಒ, ಜಿಲ್ಲಾ ಪಂಚಾಯಿತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಹತ್ತಿರ ಹೋದರೂ ಕದಲದಿದ್ದರೆ ತಾಲ್ಲೂಕಿನ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬಹುದು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು. ಹೋಗುವಾಗ ಸೀಲು ಹಾಕಿದ ಅರ್ಜಿಯ ಪ್ರತಿ, ನಡಾವಳಿಯ ನಕಲು, ಹಿಂಬರಹ, ಜಾತಿ ಪ್ರಮಾಣಪತ್ರ ಮತ್ತು ಆಧಾರ್ ಜೆರಾಕ್ಸ್ ಜೊತೆಗಿಟ್ಟುಕೊಳ್ಳಿ.